ಬಸ್ಸಿಗಾಗಿ ಮುಂದಿಟ್ಟ ಗಡಿಯಾರ

ಪಾಸ್‌ವರ್ಡ್ ಸರಿ, ಸರ್ವರ್ ಸರಿ, ಆದರೂ ಲಾಗಿನ್ ಆದ ಮರುಕ್ಷಣ ಮತ್ತೆ ಲಾಗಿನ್ ಪುಟವೇ ಬರುತ್ತಿತ್ತು. ಆನವಟ್ಟಿಯ ರಕ್ತಪರೀಕ್ಷೆ ಲ್ಯಾಬೊಂದಕ್ಕೆ ನಾನು ಮಾಡಿಕೊಟ್ಟ ವೆಬ್‌ಸೈಟ್ ಅದು. ಒಳಗೆ ಬಂದವರ ಗುರುತಿಗೆ ಬ್ರೌಸರ್ ಇಟ್ಟುಕೊಳ್ಳುವ ಚೀಟಿಯೇ ಕುಕಿ. ನನ್ನ ಲ್ಯಾಪ್‌ಟಾಪಿನಲ್ಲಿ ನಿಲ್ಲುತ್ತಿದ್ದ ಕುಕಿ ಲ್ಯಾಬಿನ ಕಂಪ್ಯೂಟರಿನಲ್ಲಿ ಮಾತ್ರ ನಿಲ್ಲಲೊಲ್ಲದು.

ಹೊರಗೆ ಬೆಂಚಿನ ಮೇಲೆ ಜ್ವರದವರು ರಿಪೋರ್ಟಿಗೆ ಕಾಯುತ್ತಿದ್ದರು. "ಇವತ್ತು ಆಗಲಿಲ್ಲ ಅಂದ್ರೆ ಇದರ ಸಹವಾಸವೇ ಬೇಡ" ಅಂತ ಮಾಲೀಕರು ಹೇಳಿಹೋಗಿದ್ದರು. ಕೋಡನ್ನೆಲ್ಲ ಜಾಲಾಡಿದೆ, ಬ್ರೌಸರ್ ಬದಲಿಸಿದೆ. ಮಧ್ಯಾಹ್ನದ ಹೊತ್ತಿಗೆ ಈ ಕಸುಬೇ ನನ್ನ ಕೈಲಾಗದ್ದು ಅನ್ನಿಸಿ ತಲೆ ಮೇಲೆ ಕೈಹೊತ್ತು ಕೂತೆ.

ಆಗ ಪರದೆಯ ಮೂಲೆಯ ಗಡಿಯಾರ ಕಣ್ಣಿಗೆ ಬಿತ್ತು. ಅರ್ಧ ಗಂಟೆ ಮುಂದಿತ್ತು.

"ಇದ್ಯಾಕ್ರೀ ಹೀಗಿದೆ?"

"ನಾನೇ ಇಟ್ಟಿದ್ದು" ಅಂದರು ಕಂಪ್ಯೂಟರ್ ನೋಡಿಕೊಳ್ಳುವ ಸರೋಜಕ್ಕ. "ಇಲ್ಲಾಂದ್ರೆ ಶಿಕಾರಿಪುರದ ಬಸ್ ತಪ್ಪುತ್ತೆ."

ಕುಕಿಗೆ ನಾನು ಕೊಟ್ಟಿದ್ದು ಇಪ್ಪತ್ತು ನಿಮಿಷದ ಆಯಸ್ಸು. ಅದು ಮುಗಿಯುವ ವೇಳೆಯನ್ನು ಸರಿಯಾದ ಗಡಿಯಾರವಿರುವ ಸರ್ವರಿನಿಂದ ತಂದು ಪುಟದ ಸ್ಕ್ರಿಪ್ಟು ಬರೆಯುತ್ತಿತ್ತು. ಅರ್ಧ ಗಂಟೆ ಮುಂದಿದ್ದ ಈ ಕಂಪ್ಯೂಟರಿನ ಲೆಕ್ಕದಲ್ಲಿ ಕುಕಿ ಹುಟ್ಟುವ ಮೊದಲೇ ಸತ್ತಿರುತ್ತಿತ್ತು.

"ಗಡಿಯಾರ ಸರಿ ಮಾಡ್ಲಾ ಅಕ್ಕಾ?"

"ಬ್ಯಾಡ್ರೀ. ನಿಮ್ಮ ಕುಕಿ ಹೋದ್ರೆ ಇನ್ನೊಂದು ಮಾಡ್ತೀರಿ. ನನ್ನ ಬಸ್ ಹೋದ್ರೆ ಏನ್ಮಾಡ್ಲಿ?"

ಕೋಡನ್ನೇ ತಿದ್ದತೊಡಗಿದೆ. ಸಂಜೆ ಸರೋಜಕ್ಕ ತಮ್ಮ ಗಡಿಯಾರ ನೋಡಿ, ಚೀಲ ಹೆಗಲಿಗೇರಿಸಿ ಹೊರಟರು. ನಾನೂ ಶಿಕಾರಿಪುರಕ್ಕೇ ಹೋಗಬೇಕಿತ್ತು, ಆದರೆ ಮೊಬೈಲ್ ಪ್ರಕಾರ ಇನ್ನೂ ಹೊತ್ತಿತ್ತು. ಕೊನೆಗೂ ಕುಕಿ ನಿಂತು ಲಾಗಿನ್ ಆಗುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ಸ್ಟ್ಯಾಂಡಿಗೆ ಓಡಿದರೆ ಬಸ್ ತಿರುವು ದಾಟುತ್ತಿತ್ತು, ಕಿಟಕಿಯಲ್ಲಿ ಸರೋಜಕ್ಕ.

ನನ್ನ ಕೈಯಲ್ಲಿ ಮೊಬೈಲ್ ಸರಿಯಾದ ಸಮಯ ತೋರಿಸುತ್ತಿತ್ತು.