ಕೇಕಿಗೆ ಶಾಸ್ತ್ರವಿಲ್ಲ

ಚಿಕ್ಕಗೌರಮ್ಮನಿಗೆ ವರ್ಷಕ್ಕೊಂದು ಹುಚ್ಚು ಹಿಡಿಯುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಅದನ್ನು ಊರಿಗೆ ಹಂಚಿದವನು ಆಕೆಯ ಗಂಡ ಕೆಂಚಪ್ಪನೇ. "ಹೋದ ವರ್ಸ ವೈರ್ ಬ್ಯಾಗು, ಈ ವರ್ಸ ಸೈಕಲ್ಲು, ಮುಂದಿನ ವರ್ಸ ಏರೋಪ್ಲೇನು ಕಣ್ರಪ್ಪ" ಎಂದು ಅರಳಿಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. ಹೇಳುವಾಗ ಅವನ ಮುಖದಲ್ಲಿ ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಿರುತ್ತಿತ್ತು, ಅದು ಬೇರೆ ಮಾತು.

ನೊಣವಿನಕೆರೆಯಿಂದ ಎರಡು ಮೈಲಿ ಒಳಕ್ಕಿದ್ದ ಆ ಊರಿನಲ್ಲಿ ಹೆಂಗಸರಿಗೆ ಬಿಡುವು ಅಂತ ಸಿಗುತ್ತಿದ್ದದ್ದೇ ಕೊಬ್ಬರಿ ಗಾಡಿ ತಿಪಟೂರಿಗೆ ಹೋದ ದಿನ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯನ್ನು ಇಳಿಸಿ, ಸುಲಿದು, ಚಿಪ್ಪು ಬಿಡಿಸಿ, ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ಗಂಡಸರನ್ನು ಗಾಡಿ ಹತ್ತಿಸಿಬಿಟ್ಟರೆ ಸಂಜೆಯವರೆಗೆ ಮನೆ ತಣ್ಣಗೆ. ಆ ಹೊತ್ತಿನಲ್ಲಿ ಉಳಿದವರು ತಲೆ ಬಾಚಿಸಿಕೊಂಡೋ, ಕಾಲು ಚಾಚಿ ಮಲಗಿಯೋ ಕಾಲ ಕಳೆಯುತ್ತಿದ್ದರು. ಗೌರಮ್ಮ ಮಾತ್ರ ಏನಾದರೊಂದು ಹೊಸದನ್ನು ಹಚ್ಚಿಕೊಳ್ಳುತ್ತಿದ್ದಳು.

ಇದೆಲ್ಲ ಶುರುವಾದದ್ದು ನಿಂಗಮ್ಮನಿಂದ. ನಿಂಗಮ್ಮ, ಗೌರಮ್ಮ ಇಬ್ಬರೂ ಕೆಂಕೆರೆಯ ಹೆಣ್ಣುಮಕ್ಕಳು. ಅಲ್ಲಿ ಒಂದೇ ಕಲ್ಲಿನ ಮೇಲೆ ಬಟ್ಟೆ ಒಗೆದು ಬೆಳೆದವರು, ಒಂದು ವರ್ಷದ ಅಂತರದಲ್ಲಿ ಈ ಊರಿಗೇ ಸೊಸೆಯರಾಗಿ ಬಂದಿದ್ದರು. ಎಪ್ಪತ್ತೈದರಲ್ಲಿ ನಿಂಗಮ್ಮನ ಗಂಡ ಮೂರೇ ದಿನದ ಜ್ವರದಲ್ಲಿ ತೀರಿಕೊಂಡ. ಊರು ಕೆಟ್ಟದ್ದೇನಲ್ಲ, ಬಿತ್ತನೆಗೆ ಆಳು ಕಳಿಸಿತು, ಕಾಯಿ ಕೀಳಿಸಿಕೊಟ್ಟಿತು. ಆದರೆ ಅರಿಶಿನ ಕುಂಕುಮಕ್ಕೆ ಕರೆಯಲು ಬಂದವರು ನಿಂಗಮ್ಮನ ಬಾಗಿಲು ಬಂದಾಗ ಹೆಜ್ಜೆ ಜೋರು ಮಾಡಿ ಮುಂದಿನ ಮನೆಗೆ ಹೋಗುತ್ತಿದ್ದರು. ಯಾರೂ ಬೈಯಲಿಲ್ಲ, ದೂರ ತಳ್ಳಲಿಲ್ಲ. ಕರೆಯಲಿಲ್ಲ, ಅಷ್ಟೇ. ಎರಡು ವರ್ಷದಲ್ಲಿ ನಿಂಗಮ್ಮ ಮನೆ, ತೋಟ, ಹಸು ಇಷ್ಟಕ್ಕೇ ನಿಂತುಬಿಟ್ಟಳು. ಕೆಂಕೆರೆಯಲ್ಲಿ ದಡದಿಂದ ಹಳ್ಳಕ್ಕೆ ಹಾರುತ್ತಿದ್ದ ಹುಡುಗಿ ಹೀಗಾದದ್ದನ್ನು ಗೌರಮ್ಮನಿಂದ ನೋಡಲಾಗುತ್ತಿರಲಿಲ್ಲ.

ಗೌರಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆದರೂ ಒಂದು ದಿನ ಕೊಬ್ಬರಿ ಹೆರೆಯುತ್ತ ಕೂತಿದ್ದಾಗ ಆಕೆಗೆ ಒಂದು ವಿಷಯ ಹೊಳೆಯಿತು. ವ್ರತಕ್ಕೆ ಶಾಸ್ತ್ರವಿದೆ, ಬಾಗಿನಕ್ಕೆ ಶಾಸ್ತ್ರವಿದೆ, ಸೀಮಂತಕ್ಕಿದೆ. ಯಾರು ಬರಬೇಕು, ಯಾರು ಬರಬಾರದು ಎಂದು ಅಲ್ಲೆಲ್ಲ ಮೊದಲೇ ತೀರ್ಮಾನವಾಗಿದೆ. ಆದರೆ ಅಜ್ಜಿ ಮುತ್ತಜ್ಜಿ ಕಾಣದೇ ಇದ್ದದ್ದನ್ನು ಮಾಡಿದರೆ? ಅದಕ್ಕೆ ಶಾಸ್ತ್ರ ಬರೆದವರು ಯಾರು?

ಹೀಗೆ ವೈರ್ ಬ್ಯಾಗು ಬಂತು. ಊರಿನ ಮಿಡ್ಲ್ ಸ್ಕೂಲಿನ ಮೇಡಂ ವಿಮಲಮ್ಮ ತುಮಕೂರಿನವರು. ಅವರಿಂದ ಹೆಣಿಗೆ ಕಲಿತು, ಕೆಂಪು ಹಳದಿ ವೈರು ತರಿಸಿ, ಗೌರಮ್ಮ ಮೂವರನ್ನು ಕರೆದಳು. ಪಕ್ಕದ ಮನೆಯ ರಾಮಲಕ್ಷ್ಮಮ್ಮ, ಹಿಂದಿನ ಬೀದಿಯ ಪುಟ್ಟಗಂಗಮ್ಮ, ಜೊತೆಗೆ ನಿಂಗಮ್ಮ. ನಿಂಗಮ್ಮ ಬಂದಳು. ಕಂಬದ ಮರೆಯಲ್ಲಿ ಕೂತಳು, ಆದರೆ ಎಲ್ಲರಿಗಿಂತ ಬಿಗಿಯಾಗಿ ಹೆಣೆದಳು. ಬ್ಯಾಗು ಅರ್ಧ ಮೇಲೆದ್ದಿತ್ತು. ಹೊರಡುವ ಹೊತ್ತಿಗೆ ರಾಮಲಕ್ಷ್ಮಮ್ಮ ಅಭ್ಯಾಸಬಲದಿಂದ ಒಳಗೆ ಹೋಗಿ ಕುಂಕುಮದ ತಟ್ಟೆ ತಂದು, "ಬನ್ರೇ, ಮುತ್ತೈದೇರು ಬರಿಗೈಲಿ ಹೋಗಬಾರ್ದು" ಎಂದಳು. ತಿರುಗಿ ನೋಡಿದರೆ ಕಂಬದ ಹತ್ತಿರ ಯಾರೂ ಇಲ್ಲ. "ಹಸ ಕರೀಬೇಕು ಅಂದ್ಲು, ಹೋದ್ಲು" ಎಂದಳು ಪುಟ್ಟಗಂಗಮ್ಮ. ಗಂಟೆ ಆಗ ನಾಲ್ಕೂ ಆಗಿರಲಿಲ್ಲ.

ರಾಮಲಕ್ಷ್ಮಮ್ಮನ ವಿಷಯ ಇಲ್ಲಿ ಹೇಳಿಬಿಡಬೇಕು. ಯಾವ ವಾರ ಉಗುರು ತೆಗೆಯಬಾರದು, ಯಾವ ದಿಕ್ಕಿಗೆ ಯಾವತ್ತು ಹೊರಡಬಾರದು ಎಂಬುದೆಲ್ಲ ಆಕೆಯ ನಾಲಿಗೆಯ ತುದಿಯಲ್ಲಿತ್ತು. ಪುರೋಹಿತರೇ ಒಮ್ಮೊಮ್ಮೆ ಆಕೆಯನ್ನು ಕೇಳುತ್ತಿದ್ದರು ಎಂದು ಆಕೆಯೇ ಹೇಳುತ್ತಿದ್ದಳು. ಮನಸ್ಸು ಬೆಣ್ಣೆ. ನಿಂಗಮ್ಮನ ಗಂಡ ಜ್ವರದಲ್ಲಿ ಮಲಗಿದ್ದಾಗ ಮೂರು ದಿನವೂ ಗಂಜಿ ಕಾಯಿಸಿ ತಂದುಕೊಟ್ಟವಳೂ ಅವಳೇ. ಆದರೆ ಶಾಸ್ತ್ರ ಅಂದರೆ ಶಾಸ್ತ್ರ.

ಗೌರಮ್ಮನಿಗೆ ಆವತ್ತು ಒಂದು ಬುದ್ಧಿ ಬಂತು. ಮನೆಯೊಳಗೆ ನಾಲ್ಕು ಹೆಂಗಸರು ಸೇರಿದರೆ ಕುಂಕುಮದ ತಟ್ಟೆ ಬಂದೇ ಬರುತ್ತದೆ. ಅದಕ್ಕೇ ಮನೆಯಿಂದ ಹೊರಗೆ ಸೇರಬೇಕು.

ಸೈಕಲ್ಲು ಬಂದದ್ದು ಹಾಗೆ. ನಲವತ್ತನಾಲ್ಕು ವರ್ಷದ ಗೌರಮ್ಮ ಸೆರಗು ಸಿಕ್ಕಿಸಿ, ಕಣದಲ್ಲಿ ಗಂಡನ ಸೈಕಲ್ ಹತ್ತಿದಳು. ಕ್ಯಾರಿಯರ್ ಹಿಡಿದು ಹಿಂದೆ ಓಡುವ ಕೆಲಸ ನಿಂಗಮ್ಮನದು. "ಬುಡಬ್ಯಾಡ ಕಣೇ, ಬುಡಬ್ಯಾಡ" ಎಂದು ಗೌರಮ್ಮ ಕೂಗುತ್ತಲೇ ಇದ್ದಳು. ಕೈ ಸೋತ ನಿಂಗಮ್ಮ ಬಿಟ್ಟಳು. ಗೌರಮ್ಮ ನೆಟ್ಟಗೆ ತಿಪ್ಪೆಗೆ ಹೋಗಿ ಕೂತಳು. ಆಗ ನಿಂಗಮ್ಮ ನಕ್ಕಳು ನೋಡಿ, ಕಣದ ತುಂಬ ಕೇಳಿಸುವಂತೆ! ಮೈಯೆಲ್ಲ ಸಗಣಿಯಾಗಿದ್ದ ಗೌರಮ್ಮನಿಗೆ ಆ ನಗು ಕೇಳಿ ಏಳುವ ಮನಸ್ಸೇ ಆಗಲಿಲ್ಲ. ಸೈಕಲ್ ಮಾತ್ರ ಆಕೆಗೆ ಕೊನೆಗೂ ಬರಲಿಲ್ಲ.

ಮಾರನೇ ವರ್ಷ ಕೇಕಿನ ಸರದಿ. ವಿಮಲಮ್ಮ ಮೇಡಂ ಮೊಟ್ಟೆ ಹಾಕದ ಕೇಕು ಮಾಡುವ ಬಗೆಯನ್ನು ಕಾಗದದಲ್ಲಿ ಬರೆದುಕೊಟ್ಟಿದ್ದರು. ಮೈದಾ, ಮೊಸರು, ಸಕ್ಕರೆ, ಬೆಣ್ಣೆ, ಚಿಟಿಕೆ ಸೋಡ. ದೊಡ್ಡ ಪಾತ್ರೆಗೆ ಮರಳು ತುಂಬಿ, ಅದರೊಳಗೆ ಚಿಕ್ಕ ಪಾತ್ರೆಯಿಟ್ಟು, ಮುಚ್ಚಳದ ಮೇಲೂ ಕೆಂಡ ಹಾಕಬೇಕು. ಗೌರಮ್ಮ ಕಾಗದದಲ್ಲಿಲ್ಲದ ಕೊಬ್ಬರಿ ತುರಿಯನ್ನೂ ಹಾಕಿದಳು. ಕೊಬ್ಬರಿ ಹಾಕದ ಅಡುಗೆಯನ್ನು ಆ ಸೀಮೆಯವರು ಅಡುಗೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ತಪ್ಪಾದದ್ದು ಅಲ್ಲಲ್ಲ, ಬೆಂಕಿಯಲ್ಲಿ. ಮೇಡಂ ಇದ್ದಿಲು ಎಂದು ಬರೆದಿದ್ದರು. ಹಿತ್ತಲಲ್ಲಿ ಆಳೆತ್ತರ ಚಿಪ್ಪು ಬಿದ್ದಿರುವಾಗ ಇದ್ದಿಲು ಹುಡುಕಿಕೊಂಡು ಯಾರು ಹೋಗುತ್ತಾರೆ? ಹಿತ್ತಲಲ್ಲೇ ಮೂರು ಕಲ್ಲು ಹೂಡಿ, ಗೌರಮ್ಮ ಕೆಳಗೂ ಚಿಪ್ಪು, ಮೇಲೂ ಚಿಪ್ಪು ಒಟ್ಟಿದಳು. ಕೊಬ್ಬರಿಯ ಎಣ್ಣೆ ಕುಡಿದ ಚಿಪ್ಪು ಧಗ್ಗನೆ ಹತ್ತಿಕೊಂಡಿತು. ಕಾಲು ಗಂಟೆಗೆ ಮುಚ್ಚಳ ತೆಗೆದರೆ ಮೇಲೆ ಕರಿ, ಕೆಳಗೆ ಕರಿ, ನಡುವೆ ಹಸಿ ಹಿಟ್ಟು.

"ಇದುಕ್ಕೆ ಏನಂತಾರೇ?" ಎಂದಳು ರಾಮಲಕ್ಷ್ಮಮ್ಮ.

"ಇದ್ಲು" ಎಂದಳು ಪುಟ್ಟಗಂಗಮ್ಮ.

ನಿಂಗಮ್ಮ ದೂರದಲ್ಲಿ ಬಾವಿಕಟ್ಟೆಯ ಮೇಲೆ ಕೂತಿದ್ದವಳು ತಡೆಯಲಾರದೆ ಎದ್ದು ಬಂದಳು. "ಅಟ್ಟದ ಕೆಳಗೆ ಯಾರಾದ್ರೂ ಚಿಪ್ಪಾಕಿ ಉರಿ ಮಾಡ್ತಾರೇನೇ ಗೌರಿ?" ಎಂದು ಚಿಪ್ಪನ್ನೆಲ್ಲ ಕೋಲಿನಿಂದ ಎಳೆದು ಹೊರಗೆ ಹಾಕಿದಳು. ಮಳೆಗಾಲದಲ್ಲಿ ಅಟ್ಟದ ಕಾಯಿಗೆ ಬೂಸಲು ಹಿಡಿಯದ ಹಾಗೆ ಕೆಳಗೆ ತೆಂಗಿನ ಸಿಪ್ಪೆಯ ಬೆಂಕಿ ಇಡುತ್ತಾರೆ. ಅದು ಉರಿಯಬಾರದು, ಆರಲೂಬಾರದು. ಆ ಬೆಂಕಿ ಕಾಯುವುದರಲ್ಲಿ ನಿಂಗಮ್ಮನ ಸಮ ಊರಲ್ಲಿ ಯಾರೂ ಇರಲಿಲ್ಲ. ಅರೆಹಸಿ ಸಿಪ್ಪೆಯನ್ನು ಆರಿಸಿ, ಬಿಡಿಸಿ, ಸುತ್ತ ಜೋಡಿಸಿ, ಕೂತಲ್ಲಿಂದ ಏಳದೆ ಕಾದಳು. ಒಂದೂವರೆ ಗಂಟೆಗೆ ಎರಡನೇ ಕೇಕು ಹೊಂಬಣ್ಣಕ್ಕೆ ತಿರುಗಿ ಉಬ್ಬಿ ನಿಂತಿತು. ತಿಂದದ್ದಾದ ಮೇಲೂ ನಾಲ್ವರೂ ಪಾತ್ರೆಯ ಅಂಚನ್ನು ಕೆರೆಯುತ್ತ ಕೂತರು.

ಆ ರುಚಿಯ ಮೇಲೆಯೇ ಗೌರಮ್ಮ ಮಾತು ತೆಗೆದಳು. "ಕೆರೆ ಏರಿ ಆಚೆ ಹೊಂಗೆ ತೋಪಿಗೆ ಹೋಗಾನ. ಅಲ್ಲೇ ಕೇಕು ಮಾಡ್ಕಂಡು ತಿನ್ನಾನ. ಮೇಡಂ ಅದುಕ್ಕೆ ಪಿಕ್ನಿಕ್ಕು ಅಂತಾರೆ."

"ಯಾವ ದೇವ್ರ ಪರ?" ಎಂದು ಕೇಳಿದಳು ರಾಮಲಕ್ಷ್ಮಮ್ಮ. ತೋಪಿನಲ್ಲಿ ಒಲೆ ಹೂಡಿ ಅಡುಗೆ ಮಾಡಿ ಉಣ್ಣುವುದೆಂದರೆ ದೇವರಿಗೆ ಹರಕೆ ಹೊತ್ತು ಮಾಡುವ ಪರ ಒಂದೇ ಆಕೆಗೆ ಗೊತ್ತಿದ್ದದ್ದು.

"ಯಾವ ದೇವ್ರುದ್ದೂ ಅಲ್ಲ ಅಕ್ಕ, ನಮ್ದು."

ರಾಮಲಕ್ಷ್ಮಮ್ಮ ಇದನ್ನು ಎರಡು ದಿನ ಯೋಚಿಸಿ ಒಪ್ಪಿದಳು. ಪುಟ್ಟಗಂಗಮ್ಮ ಕೇಳುವ ಮೊದಲೇ ಒಪ್ಪಿದ್ದಳು. ನಿಂಗಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಗೌರಮ್ಮನಿಗೆ ಆ ವಾರವೆಲ್ಲ ಅದೇ ಚಿಂತೆ. ನಿಂಗಿ ಈ ಸಲ ಬರದಿದ್ದರೆ ಇನ್ನು ಎಂದೂ ಬರುವುದಿಲ್ಲ ಎಂದು ಆಕೆಗೆ ಒಳಗೊಳಗೇ ಗೊತ್ತಿತ್ತು.

ಹೊರಡುವ ಬೆಳಿಗ್ಗೆ ಕೆಂಚಪ್ಪ ಕಮಾನು ಗಾಡಿ ಕಟ್ಟಿ ನಿಲ್ಲಿಸಿದ. ಚಿತ್ರಾನ್ನ, ಮೊಸರನ್ನ, ಕೋಡುಬಳೆ, ಚೌಕಾಬಾರದ ಕವಡೆ, ಮರಳಿನ ಪಾತ್ರೆ ಎಲ್ಲ ಏರಿತು. ಒಂದು ಚೀಲ ಸಿಪ್ಪೆಯೂ ಜಗಲಿಯ ಮೇಲಿತ್ತು, ಆರಿಸಿ, ಬಿಡಿಸಿ, ಕಟ್ಟಿದ್ದು. ಬೆಳಗಾಗುವ ಮೊದಲೇ ನಿಂಗಮ್ಮ ತಂದಿಟ್ಟು ಹೋಗಿದ್ದಳು. ಅವಳು ಮಾತ್ರ ಇಲ್ಲ.

ಗೌರಮ್ಮ ಹೋಗಿ ನೋಡಿದರೆ ನಿಂಗಮ್ಮ ಬಾಗಿಲ ಹಿಂದೆ ನಿಂತಿದ್ದಳು. ಒಗೆದ ಸೀರೆ ಉಟ್ಟಿದ್ದಳು.

"ನೀವು ಹೊರಟುಬುಡ್ರಿ ಕಣೇ. ಗಾಡಿ ಹೊರಡೋವಾಗ ನಾನು ಎದುರಿಗೆ ಬಂದ್ರೆ ಅಪಶಕುನ. ಒಳ್ಳೇದಕ್ಕೆ ಹೊಂಟೋರಿಗೆ ಯಾಕೆ?"

"ಸೀರೆ ಯಾಕೆ ಉಟ್ಟೆ ಮತ್ತೆ?"

ಗೌರಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು.

"ನೋಡೇ ನಿಂಗಿ, ನೀನು ಗಾಡಿ ಮುಂದ್ಗಡೆ ಕೂತ್ಕೋ. ನಾವೆಲ್ಲ ಹಿಂದೆ ಕೂತ್ಕತೀವಿ. ನಮಗೆ ಕಾಣೋದು ನಿನ್ನ ಬೆನ್ನು. ಬೆನ್ನು ಎದುರಾಗೋದು ಎಲ್ಲಾದ್ರೂ ಉಂಟೇನೇ?"

ಕೈ ಹಿಡಿದು ಎಳೆದುಕೊಂಡೇ ಬಂದಳು. ಗಾಡಿಯಲ್ಲಿ ಕೂತಿದ್ದ ರಾಮಲಕ್ಷ್ಮಮ್ಮನಿಗೂ ಅದನ್ನೇ ಗಟ್ಟಿಯಾಗಿ ಹೇಳಿದಳು. ರಾಮಲಕ್ಷ್ಮಮ್ಮ ಬಾಯಿ ತೆರೆದಳು, ಯೋಚಿಸಿದಳು. ತನಗೆ ಗೊತ್ತಿದ್ದ ಶಾಸ್ತ್ರವನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದಳೆಂದು ಕಾಣುತ್ತದೆ. ಕೊನೆಗೆ, "ಬೆನ್ನಿನ ವಿಚಾರ ಏನೂ ಹೇಳಿಲ್ಲ" ಎಂದು ಸರಿದು ಜಾಗ ಬಿಟ್ಟಳು. ಕೆಂಚಪ್ಪ ಎತ್ತಿನ ಬಾಲ ತಿರುಚಿ ಗಾಡಿ ಹೊರಡಿಸಿದ. ನಿಂಗಮ್ಮ ಅವನ ಹಿಂದೆ, ಎಲ್ಲರಿಗಿಂತ ಮುಂದೆ, ಕೆರೆ ಏರಿಯ ಗಾಳಿಗೆ ಸೆರಗು ಬಿಗಿ ಹಿಡಿದು ಕೂತಳು.

ತೋಪಿನಲ್ಲಿ ಅವರಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಚೌಕಾಬಾರದಲ್ಲಿ ಪುಟ್ಟಗಂಗಮ್ಮ ಮೋಸ ಮಾಡಿ ಸಿಕ್ಕಿಬಿದ್ದಳು. ನಿಂಗಮ್ಮ ಒಂದು ಕಣ್ಣು ಬೆಂಕಿಯ ಮೇಲಿಟ್ಟುಕೊಂಡೇ ಎರಡು ಆಟ ಗೆದ್ದಳು. ಕೇಕು ಬೆಂದಿತು, ಬಾಳೆಲೆಯ ಮೇಲೆ ಇಳಿಯಿತು. ಕೊಯ್ಯಲು ಏನೂ ತಂದಿರಲಿಲ್ಲವಾದ್ದರಿಂದ ಕೆಂಚಪ್ಪನ ಮಚ್ಚನ್ನೇ ತೊಳೆದು ಕೊಯ್ದರು. ಅವನು ಎತ್ತುಗಳಿಗೆ ನೀರು ಕುಡಿಸಲು ಕೆರೆಗೆ ಹೋಗಿದ್ದ.

ಮೊದಲ ತುಂಡು ಎತ್ತಿದ ಗೌರಮ್ಮನ ಕೈ ಅಲ್ಲೇ ನಿಂತಿತು. ಆ ಕಡೆ ಏನೇ ಮಾಡಲಿ, ಮೊದಲು ಬಡಿಸುವುದು ಹಿರಿಯ ಮುತ್ತೈದೆಗೆ. ಅಭ್ಯಾಸ ಎಂಬುದು ಕೇಳದೆಯೇ ಕೈ ಹಿಡಿಯುತ್ತದೆ. ಪುಟ್ಟಗಂಗಮ್ಮ, "ಮೊದ್ಲು ಯಾರಿಗೆ ಗೌರಕ್ಕ?" ಎಂದುಬಿಟ್ಟಳು. ಎಲ್ಲರ ಕಣ್ಣೂ ರಾಮಲಕ್ಷ್ಮಮ್ಮನ ಕಡೆ ತಿರುಗಿತು. ನಿಂಗಮ್ಮ ಮೆಲ್ಲಗೆ ಏಳುತ್ತ, "ನಾನು ಕೆಂಡ ಆರಿಸಿ ಬತ್ತೀನಿ" ಎಂದಳು. ಹಸು ಕರೆಯಬೇಕು ಎಂದು ಹೋದ ದಿನವೂ ಹೀಗೇ ಎದ್ದಿರಬೇಕು ಎಂದು ಗೌರಮ್ಮನಿಗೆ ಅನ್ನಿಸಿತು.

ರಾಮಲಕ್ಷ್ಮಮ್ಮ ಒಲೆಯ ಕಡೆ ನೋಡಿದಳು. "ಆರಿಸೋಕೆ ಅಲ್ಲಿ ಕೆಂಡ ಎಲ್ಲೈತೆ? ಬೂದಿ ಆಗಿ ಎಷ್ಟೊತ್ತಾಯ್ತು. ಕೂತ್ಕೋ" ಎಂದಳು. ನಿಂಗಮ್ಮ ಅರ್ಧ ಎದ್ದವಳು ಹಾಗೇ ನಿಂತಳು. ರಾಮಲಕ್ಷ್ಮಮ್ಮ ಗಂಟಲು ಸರಿಮಾಡಿಕೊಂಡಳು. "ಕೇಕಿಗೆ ಬೇರೆ ಶಾಸ್ತ್ರ. ಬೆಂಕಿ ಕಾದೋರಿಗೆ ಮೊದಲ್ನೇ ತುಂಡು."

"ಎಲ್ಲಿ ಹೇಳೈತೆ ಅಕ್ಕ?" ಎಂದಳು ಪುಟ್ಟಗಂಗಮ್ಮ, ನಿಜವಾಗಿಯೂ ತಿಳಿಯುವ ಆಸೆಯಿಂದ.

"ನಾನು ಹೇಳ್ತಾ ಇಲ್ವೇನೇ?"

ಗೌರಮ್ಮ ಆ ತುಂಡನ್ನು ನಿಂಗಮ್ಮನ ಕೈಗಿಟ್ಟಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ನಿಂಗಮ್ಮ ತಿಂದು, "ಸೋಡ ಒಂಚೂರು ಜಾಸ್ತಿ ಆಗೈತೆ ಕಣೇ" ಎಂದಳು.

ಆಮೇಲೆ ಗೌರಮ್ಮನಿಗೆ ಇನ್ನೂ ಹಲವು ಹುಚ್ಚು ಹಿಡಿದವು, ಬಿಟ್ಟವು. ಎಂಬತ್ತಾರರಲ್ಲಿ ರಾಮಲಕ್ಷ್ಮಮ್ಮನ ಮೊಮ್ಮಗಳ ಮೊದಲ ಹುಟ್ಟುಹಬ್ಬ ಬಂತು. ತಿಪಟೂರಿನ ಬೇಕರಿಯಿಂದ ಬಸ್ಸಿನಲ್ಲಿ ಕೇಕು ತಂದಿದ್ದರು, ಮೇಲೆ ಗುಲಾಬಿ ಹೂ ಬಿಡಿಸಿದ್ದು. ಮನೆ ತುಂಬ ಬೀಗರು. ಕುಂಕುಮದ ತಟ್ಟೆಯೂ ಮಣೆಯ ಮೇಲೆ ಸಿದ್ಧವಾಗಿತ್ತು. ನಿಂಗಮ್ಮ ಕಂಬದ ಪಕ್ಕ ಕೂತಿದ್ದಳು, ಮರೆಯಲ್ಲಲ್ಲ. ಬೀಗಿತ್ತಿ ಮೊದಲ ತುಂಡನ್ನು ತಮ್ಮ ಕಡೆಯ ಹಿರಿಯ ಮುತ್ತೈದೆಯೊಬ್ಬರಿಗೆ ಕೊಡಲು ಹೋದರು.

"ತಡೀರಿ" ಎಂದಳು ರಾಮಲಕ್ಷ್ಮಮ್ಮ. "ಕೇಕಾದ್ರೆ ಮೊದಲ್ನೇದು ನಮ್ಮ ನಿಂಗಮ್ಮಂಗೆ."

ಬೀಗಿತ್ತಿ ಕಕ್ಕಾಬಿಕ್ಕಿಯಾದರು. "ಇದ್ಯಾವ ಶಾಸ್ತ್ರ ಕಣ್ರೀ? ನಾವು ಕೇಳೇ ಇಲ್ಲ."

"ನಮ್ಮೂರಲ್ಲಿ ಹಂಗೇ ಕಣಮ್ಮ. ಹಿಂದ್ಲಿಂದ್ಲೂ ನಡ್ಕೊಂಡು ಬಂದೈತೆ."

ಗೌರಮ್ಮ ಬೆರಳು ಮಡಿಸಿ ಎಣಿಸಿದಳು. ಏಳು ವರ್ಷ. ಬಾಯಿ ಮಾತ್ರ ಬಿಡಲಿಲ್ಲ. ಹೊರಗೆ ಹೊತ್ತು ಇಳಿದಿತ್ತು, ನಿಂಗಮ್ಮನ ಹಿತ್ತಲಿನಿಂದ ಅವಳ ಹಸು ಅಂಬಾ ಎಂದು ಕರೆಯುತ್ತಿತ್ತು. ನಿಂಗಮ್ಮ ಕೇಳಿಸಿಕೊಂಡಳು, ಏಳಲಿಲ್ಲ. ಇನ್ನೊಂದು ತುಂಡಿಗೆ ತಟ್ಟೆ ಚಾಚಿದಳು.