ಹಾರ ತೆಗೆದ ಫೋಟೋ

ಲ್ಯಾಮಿನೇಷನ್ ಮೆಷಿನ್ ಬಿಸಿಯಾದಾಗ ಒಂದು ವಾಸನೆ ಬರುತ್ತದೆ, ಪ್ಲಾಸ್ಟಿಕ್ ಸುಟ್ಟೂ ಸುಡದ ಹಾಗೆ. ಬಂಗಾರಪೇಟೆಯ ನನ್ನ ಅಂಗಡಿಯಲ್ಲಿ ದಿನವಿಡೀ ಅದರಲ್ಲೇ ಕೂರುವುದರಿಂದ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಕಳೆದ ವಾರ ಬೂದಿಕೋಟೆ ಕಡೆಯ ಹೆಂಗಸೊಬ್ಬರು ಗಂಡನ ಹನ್ನೊಂದನೇ ದಿನದ ಕಾರ್ಡು ಮಾಡಿಸಲು ಬಂದರು. ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದ ಫೋಟೋವನ್ನು ಟೇಬಲ್ ಮೇಲಿಟ್ಟರು. ಯಾಕೋ ಆಗ ಆ ವಾಸನೆ ಹೊಸದಾಗಿ ಬಂದು ಬಡಿಯಿತು. ರಾಬರ್ಟ್‌ಸನ್‌ಪೇಟೆಯ ಅಣ್ಣ ನೆನಪಾದರು.

ಅಣ್ಣ ಅಂದರೆ ಒಡಹುಟ್ಟಿದವರಲ್ಲ, ನನಗೆ ಕೆಲಸ ಕೊಟ್ಟವರು. ಕೋರಮಂಡಲ್ ಚಿನ್ನದ ಗಣಿಯಲ್ಲಿ ದುಡಿದವರು. ಗಣಿ ಮುಚ್ಚಿದ ಮೇಲೆ ಕಂಪ್ಯೂಟರ್ ಕಲಿತು, ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದರು. ಮನೆಮಾತು ತಮಿಳಾದ್ದರಿಂದ ಕನ್ನಡ ಟೈಪು ಮಾಡಲು ಒಬ್ಬರು ಬೇಕಿತ್ತು. ನಾನು ಬೆಳಿಗ್ಗೆ ಹಸು ಕರೆದು, ಡೇರಿಗೆ ಹಾಲು ಹಾಕಿ, ಗಂಡನಿಗೆ ಬುತ್ತಿ ಕಟ್ಟಿ ಬಸ್ಸು ಹತ್ತಿ ಬರುತ್ತಿದ್ದೆ. ಅಣ್ಣ ನನ್ನನ್ನು ‘ತಂಗಚ್ಚಿ’ ಎಂದೇ ಕರೆಯುತ್ತಿದ್ದರು.

ಆ ಊರಲ್ಲಿ ಯಾರಾದರೂ ತೀರಿಕೊಂಡರೆ ಗೋಡೆಗೆ ಶ್ರದ್ಧಾಂಜಲಿ ಪೋಸ್ಟರ್ ಬೀಳಲೇಬೇಕು. ನಮ್ಮ ಅಂಗಡಿಗೆ ಮದುವೆಗಿಂತ ಸಾವಿನ ಕೆಲಸವೇ ಹೆಚ್ಚು ಬರುತ್ತಿತ್ತು. ಬೇರೆಯವರೆಲ್ಲ ಫೋಟೋಶಾಪ್ ಕಲಿತಿದ್ದರು. ಅಣ್ಣ ಮಾತ್ರ ಎಲ್ಲವನ್ನೂ ವರ್ಡ್‌ನಲ್ಲೇ ಮಾಡುವ ಹಟಮಾರಿ. ನಾನು ಮೊದಮೊದಲು ಫೋಟೋ ತಂದು ಇಟ್ಟರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತಿದ್ದವು, ಒಂದು ಸಾಲು ಸೇರಿಸಿದರೆ ಹಾರದ ಚಿತ್ರವೋ ದೀಪದ ಚಿತ್ರವೋ ಮುಂದಿನ ಪುಟಕ್ಕೆ ಜಾರುತ್ತಿತ್ತು. ಅಳು ಬರುವಷ್ಟು ಸಿಟ್ಟು ಬರುತ್ತಿತ್ತು.

“ಅವಸರ ಬೇಡ ತಂಗಚ್ಚಿ,” ಎನ್ನುತ್ತಿದ್ದರು ಅಣ್ಣ, ಕೆಮ್ಮುತ್ತಲೇ. “ಒಂದರ ಮೇಲೊಂದು ಕಾಗದ ಇಟ್ಟಂಗೆ ಅನ್ಕೋ. ಫೋಟೋ ಇಂದಕ್ಕೆ, ಆರ ಮುಂದಕ್ಕೆ, ದೀಪ ಅತ್ಲಾಗೊಂದು ಇತ್ಲಾಗೊಂದು. ಎಲ್ಲಾ ಕೂತ್ಮೇಲೆ ಗ್ರೂಪ್ ಮಾಡು. ಆಮೇಲೆ ಯಾವ್ದೂ ಓಡೋಗಲ್ಲ.”

ಪೋಸ್ಟರ್ ಹೇಗೆ ಬರುತ್ತದೆಂದು ಜನಕ್ಕೆ ತೋರಿಸಲು ಒಂದು ಮಾದರಿ ಫೈಲಿತ್ತು. ಅದರ ಚೌಕಟ್ಟಿನಲ್ಲಿ ಯಾರ ಮುಖ ಇಡುವುದು ಅನ್ನುವುದೇ ತೊಂದರೆ. ತೀರಿಕೊಂಡ ಬೇರೊಬ್ಬರದನ್ನು ಇಟ್ಟರೆ ಅವರ ಮನೆಯವರು ಜಗಳಕ್ಕೆ ಬರುತ್ತಿದ್ದರು. ಬದುಕಿರುವವರ ಫೋಟೋಗೆ ಹಾರ ಹಾಕುವುದಂತೂ ನಮ್ಮಲ್ಲಿ ಯಾರೂ ಒಪ್ಪದ ಮಾತು. ಹೀಗಾಗಿ ಅಣ್ಣ ತಮ್ಮದೇ ಫೋಟೋ ಇಟ್ಟುಬಿಟ್ಟಿದ್ದರು. ನೀಲಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ, ಕುತ್ತಿಗೆಯಿಂದ ಎದೆಯವರೆಗೆ ದಪ್ಪನೆಯ ಚೆಂಡುಹೂವಿನ ಹಾರ. ಬಂದವರಿಗೆಲ್ಲ ಅದನ್ನೇ ತೋರಿಸಿ, “ನೋಡಿ, ನಾನು ಎಂಗಿದೀನಿ?” ಎಂದು ಕೇಳುವರು. ಅಳುತ್ತಾ ಬಂದವರೂ ಒಂದು ಗಳಿಗೆ ನಕ್ಕುಬಿಡುತ್ತಿದ್ದರು.

ನಗದವರೆಂದರೆ ಅಣ್ಣನ ಹೆಂಡತಿ, ನಮ್ಮ ಅತ್ತಿಗೆ ಒಬ್ಬರೇ. ಮಧ್ಯಾಹ್ನ ಊಟದ ಕ್ಯಾರಿಯರ್ ತಂದಾಗ ಆ ಫೈಲು ತೆರೆದಿದ್ದರೆ ಸಾಕು, ಮುಖ ತಿರುಗಿಸಿ ಬಾಗಿಲ ಕಡೆ ನೋಡುತ್ತಾ ನಿಲ್ಲುವರು. ಅವರ ಭಯಕ್ಕೆ ಕಾರಣವಿತ್ತು. ಗಣಿಯ ಧೂಳು ಅಣ್ಣನ ಎದೆಯಲ್ಲಿ ಕೂತಿತ್ತು, ವರ್ಷದಿಂದ ವರ್ಷಕ್ಕೆ ಕೆಮ್ಮು ಜೋರಾಗುತ್ತಿತ್ತು.

“ಆ ಆರ ತೆಗೀರಿ ಅಂತ ಎಷ್ಟು ಸಲ ಏಳ್ಲಿ?” ಎಂದು ಒಮ್ಮೆ ನನ್ನೆದುರಿಗೇ ಕೇಳಿದರು.

“ದಿನಾ ಭೂಮಿಯೊಳಕ್ಕೆ ಇಳಿದು ಮೇಲಕ್ಕೆ ಅತ್ತಿ ಬಂದೋನು ನಾನು. ಕಂಪ್ಯೂಟರ್ ಒಳಗಿನ ಆರ ನಂಗೇನ್ ಮಾಡ್ತದೆ?”

ಅತ್ತಿಗೆ ಕ್ಯಾರಿಯರ್ ಟೇಬಲ್ ಮೇಲಿಟ್ಟರು. ಹೋಗುವಾಗ ನನ್ನ ಕೈ ಹಿಡಿದು, “ನೀನಾದ್ರೂ ತೆಗ್ಸಮ್ಮ,” ಅಂದರು. ಮಾರನೇ ದಿನ ನಾನು ಅಣ್ಣನ ಮುಖ ತೆಗೆದು ಗುಲಾಬಿ ಹೂವಿನ ಚಿತ್ರ ಇಟ್ಟೆ. ಅಜ್ಜನೊಬ್ಬ ಬಂದು ನೋಡಿ, ಈ ಹೂವು ಯಾವಾಗ ತೀರಿಕೊಂಡಿತು ಎಂದು ಕೇಳಿದ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ತುಂಬಾ ಹೊತ್ತು ಬೇಕಾಯಿತು. ಸಂಜೆಯ ಹೊತ್ತಿಗೆ ಅವರ ಫೋಟೋ ಚೌಕಟ್ಟಿಗೆ ವಾಪಸು ಬಂದಿತ್ತು...

ಆ ವರ್ಷದ ಚಳಿಗಾಲ ದಾಟಲಿಲ್ಲ ಅಣ್ಣ. ಆಸ್ಪತ್ರೆಗೆ ಹೋಗುವ ಮುಂಚೆ ಅಂಗಡಿಯ ಬೀಗದ ಕೈ ನನಗೆ ಕೊಟ್ಟು, ಪ್ರಿಂಟರ್ ಮೇಲೆ ಬಟ್ಟೆ ಹೊದಿಸಿಡು ಎಂದಷ್ಟೇ ಹೇಳಿದ್ದರು. ಅದೇ ಅವರಾಡಿದ ಕೊನೆಯ ಮಾತು ನನ್ನ ಪಾಲಿಗೆ.

ಮಣ್ಣು ಮಾಡಿದ ಮಾರನೇ ದಿನ ಅತ್ತಿಗೆಯ ತಮ್ಮ ಅವರನ್ನು ಕರೆದುಕೊಂಡು ಅಂಗಡಿಗೆ ಬಂದರು. ನಾನು ಕಂಪ್ಯೂಟರ್ ಹಾಕಿ ಆ ಮಾದರಿ ಫೈಲು ತೆರೆದೆ. ಬೇರೆ ಫೋಟೋ ಹುಡುಕುವ ಕೆಲಸವೇ ಇರಲಿಲ್ಲ. ಅತ್ತಿಗೆಯ ತಮ್ಮ ಮಾನಿಟರ್ ನೋಡಿ, “ಎಲ್ಲಾ ರೆಡಿ ಐತಲ್ಲಮ್ಮ. ಎಸ್ರು, ತಾರೀಕು ಆಕ್ಬಿಡು,” ಅಂದರು. ನಾನು ಹೆಸರು ಟೈಪು ಮಾಡಿದೆ. ಎಷ್ಟೋ ಜನರ ಹೆಸರು ಬರೆದವಳಿಗೆ ಅವತ್ತು ಕೀಲಿಗಳೇ ಕಾಣಿಸಲಿಲ್ಲ.

ಹಿಂದೆ ನಿಂತಿದ್ದ ಅತ್ತಿಗೆ ಮೆಲ್ಲಗೆ, “ಆರ ತೆಗಿಯಮ್ಮ,” ಅಂದರು.

“ಆರ ಇಲ್ದೆ ಎಂಗಕ್ಕಾ?” ಎಂದರು ತಮ್ಮ. “ಜನ ಏನಂತಾರೆ?”

“ಬದುಕಿರೋವಾಗೆಲ್ಲಾ ಆಕ್ಕೊಂಡೇ ಕೂತಿದ್ರಲ್ಲ. ಇವತ್ತಾದ್ರೂ ತೆಗೀಲಿ.”

ನಾನು ಹಾರದ ಮೇಲೆ ಒತ್ತಿ, ಮೆಲ್ಲಗೆ ಎಳೆದು ಪುಟದ ಅಂಚಿಗೆ ಇಟ್ಟೆ. ಅಷ್ಟು ವರ್ಷ ದಿನಾ ನೋಡಿದ ಫೋಟೋ, ಹಾರದಡಿ ಏನಿದೆ ಎಂದು ನಾನು ಯಾವತ್ತೂ ನೋಡಿರಲಿಲ್ಲ. ನೀಲಿ ಅಂಗಿಯ ಗುಂಡಿಗಳಲ್ಲಿ ಒಂದು ಮಾತ್ರ ಬಿಳಿಯದು, ಕಪ್ಪು ದಾರದಲ್ಲಿ ಹೊಲಿದದ್ದು. ಅತ್ತಿಗೆ ಮುಂದೆ ಬಂದು ಮಾನಿಟರ್ ಮೇಲೆ ಆ ಗುಂಡಿಯನ್ನು ಬೆರಳಿನಿಂದ ಮುಟ್ಟಿದರು.

“ಫೋಟೋ ತೆಗ್ಸಾಕೆ ಓಗೋವಾಗ ಕಿತ್ತೋಗಿತ್ತು. ಅವಸರದಲ್ಲಿ ನಾನೇ ಆಕ್ಕೊಟ್ಟಿದ್ದು,” ಅಂದರು. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತರು. ಮೂರು ದಿನದಲ್ಲಿ ಅವರು ಅತ್ತದ್ದು ಅದೇ ಮೊದಲಂತೆ, ತಮ್ಮ ನನಗೆ ಆಮೇಲೆ ಹೇಳಿದರು.

ಪೋಸ್ಟರ್ ಹಾರವಿಲ್ಲದೆಯೇ ಅಚ್ಚಾಯಿತು. ಬಸ್ ಸ್ಟ್ಯಾಂಡಿನಲ್ಲಿ ಅದನ್ನು ದೂರದಿಂದ ನೋಡಿದವರು ಯಾರೋ ಎಲೆಕ್ಷನ್‌ಗೆ ನಿಂತಿದ್ದಾರೆ ಅಂದುಕೊಂಡರಂತೆ. ಅಣ್ಣ ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಈಗ ಆ ಅಂಗಡಿಯಿಲ್ಲ, ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಅತ್ತಿಗೆ ತಮ್ಮನ ಜೊತೆ ಹೋಗಿಬಿಟ್ಟರು, ಎಲ್ಲಿದ್ದಾರೋ... ಆ ಫೈಲು ನನ್ನ ಹತ್ತಿರ ಉಳಿದಿದೆ. ಕೆಲಸಕ್ಕೆ ಅದರ ನಕಲು ತೆಗೆದುಕೊಳ್ಳುತ್ತೇನೆ, ಮೂಲವನ್ನು ಮುಟ್ಟುವುದಿಲ್ಲ. ಅದರಲ್ಲಿ ಹಾರ ಈಗಲೂ ಪುಟದ ಅಂಚಿನಲ್ಲೇ ಬಿದ್ದಿದೆ.

ಆವತ್ತಿನಿಂದ ಹಾರವನ್ನು ಕೊನೆಗೆ ಇಡುತ್ತೇನೆ, ಅದೂ ಮನೆಯವರನ್ನು ಕೇಳಿ. ಇದನ್ನೂ ಕೇಳಬೇಕಾ ಎಂದು ಎಷ್ಟೋ ಜನ ನನ್ನ ಮುಖ ನೋಡುತ್ತಾರೆ. ಕಳೆದ ವಾರ ಬಂದಿದ್ದ ಹೆಂಗಸು ಹಾಗೆ ನೋಡಲಿಲ್ಲ. ಫೋಟೋ ಕೂತಿತ್ತು, ದೀಪಗಳು ಕೂತಿದ್ದವು.

“ಹಾರ ಹಾಕ್ಲಾ ಅಮ್ಮ?” ಎಂದು ಕೇಳಿದೆ.

ಅವರು ಮಾನಿಟರ್ ಹತ್ತಿರಕ್ಕೆ ಬಗ್ಗಿದರು. “ಒಸಿ ಇರಮ್ಮ,” ಅಂದರು. “ಇನ್ನೊಂದು ಕಿತ ನೋಡ್ಕೊಂಬುಡ್ತೀನಿ.”

ನಾನು ಮೌಸ್ ಮೇಲಿಂದ ಕೈ ತೆಗೆದೆ.