ನಾಲ್ಕೂ ಗಾಲಿ ದುಡಿಯುವಂತೆ ಮಾಡುವ ತಿಕೋಟಾದ ತುಕಾರಾಮ

ಬೆಳಗಿನ ಆರು ಗಂಟೆಗೆ ತಿಕೋಟಾದ ಹೊರಗಿನ ಆ ತಗಡಿನ ಶೆಡ್ಡಿಗೆ ಹೋದರೆ ತುಕಾರಾಮರ ಮುಖ ಕಾಣುವುದಿಲ್ಲ, ಪಾದ ಕಾಣುತ್ತವೆ. ಉಳಿದ ದೇಹವೆಲ್ಲ ಒಂದು ಪಿಕಪ್ ಗಾಡಿಯ ಅಡಿಯಲ್ಲಿದೆ. ನಮಸ್ಕಾರ ಎನ್ನುತ್ತೇನೆ, ಬಲಗಾಲಿನ ಹೆಬ್ಬೆರಳು ಅಲ್ಲಾಡುತ್ತದೆ. ಅದೇ ಮರುನಮಸ್ಕಾರ ಎಂದುಕೊಂಡು ಪಕ್ಕದ ಹಳೆ ಟೈರಿನ ಮೇಲೆ ಕೂರುತ್ತೇನೆ.

"ಕುಂಡ್ರರಿ, ಚಾ ಬರ್ತೈತಿ. ಈ ಒಂದ ಬೋಲ್ಟ್ ಬಿಗದ್ನೆಂದ್ರ ಬಂದೆ," ಎಂದು ಗಾಡಿಯ ಹೊಟ್ಟೆಯೊಳಗಿಂದ ದನಿ ಬರುತ್ತದೆ. ಆ ಒಂದು ಬೋಲ್ಟು ನನ್ನನ್ನು ಅರ್ಧ ಗಂಟೆ ಕಾಯಿಸುತ್ತದೆ. ಚಹಾ ಮಾತ್ರ ಬೇಗ ಬರುತ್ತದೆ.

ಐವತ್ತರ ಆಸುಪಾಸಿನ ಈ ಮನುಷ್ಯ ಮಾಡುವ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಸಾಮಾನ್ಯ ಪಿಕಪ್ಪಿನಲ್ಲಿ ಇಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಗಾಲಿಗೆ ಹೋಗುತ್ತದೆ. ಮುಂದಿನವು ಹೇಳಿದತ್ತ ತಿರುಗಿ ಸುಮ್ಮನೆ ಉರುಳುತ್ತವೆ. ಡಾಂಬರು ರಸ್ತೆಗೆ ಅಷ್ಟು ಸಾಕು. ಆದರೆ ಬಬಲೇಶ್ವರ, ನಿಡೋಣಿ ಕಡೆಯ ಎರೆ ಹೊಲದ ಮೇಲೆ ಒಂದು ಮಳೆ ಬೀಳಲಿ, ಆಗ ನೋಡಿ! ಕಾಲಿನ ಚಪ್ಪಲಿ ಕಿತ್ತುಕೊಳ್ಳುವ ಮಣ್ಣು ಗಾಡಿಯನ್ನು ಬಿಟ್ಟೀತೇ? ಹಿಂದಿನ ಗಾಲಿ ನಿಂತಲ್ಲೇ ತಿರುಗಿ ತಿರುಗಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ತುಕಾರಾಮ ಗುಜರಿಗೆ ಬಂದ ಹಳೆ ಜೀಪುಗಳ ಮುಂದಿನ ಆಕ್ಸಲ್ ತಂದು, ಪಿಕಪ್ಪಿನ ಅಳತೆಗೆ ಕೊಯ್ದು ಬೆಸೆಯುತ್ತಾರೆ. ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಒಂದು ಗೇರ್ ಪೆಟ್ಟಿಗೆಯನ್ನು ನಡುವೆ ಕೂರಿಸುತ್ತಾರೆ. ಡ್ರೈವರ್ ಪಕ್ಕದಲ್ಲಿ ಒಂದು ಸಣ್ಣ ಲಿವರ್ ಬರುತ್ತದೆ. ಅದನ್ನು ಎಳೆದರೆ ನಾಲ್ಕೂ ಗಾಲಿ ಒಟ್ಟಿಗೆ ದುಡಿಯುತ್ತವೆ. ಇಂಥ ಬದಲಾವಣೆಗೆ ಸಾರಿಗೆ ಇಲಾಖೆಯ ಒಪ್ಪಿಗೆ ಬೇಕು. ಅದನ್ನು ತರದವರ ಗಾಡಿಗೆ ಅವರು ಬೋಲ್ಟ್ ಬಿಚ್ಚುವ ಪಾನಾ ಹಚ್ಚುವುದಿಲ್ಲ.

ಮೂಲತಃ ಇಟ್ಟಂಗಿಹಾಳದ ಒಕ್ಕಲುತನದ ಮನೆಯವರು. ವಿಜಯಪುರದ ಸ್ಟೇಷನ್ ರಸ್ತೆಯ ಹಿಂದಿನ ಗ್ಯಾರೇಜೊಂದರಲ್ಲಿ ಆರಿಫ ಉಸ್ತಾದರ ಕೈಕೆಳಗೆ ಕೆಲಸ ಕಲಿತರು. ಸ್ವಂತ ಶೆಡ್ಡು ಹಾಕಿ ಮೊದಲ ಪಿಕಪ್ಪಿಗೆ ಕೈಯಿಟ್ಟಾಗ ನಡೆದ ಫಜೀತಿಯನ್ನು ಅವರೇ ನಗುತ್ತ ಹೇಳುತ್ತಾರೆ.

"ಜೀಪಿನ ಆಕ್ಸಲ್‌ಗೆ ಗೇರ್ ತುಂಬಿದ ಗುಂಡನ ಗಡಗಿ ಒಂದ ಬಾಜೂಕ ಇತ್ರಿ. ನನ್ನ ಗೇರ್ ಪೆಟ್ಟಿಗಿ ಇನ್ನೊಂದ ಬಾಜೂಕ. ಕೂಡಲಿಲ್ಲ. ನಾ ಭಾಳ ಶಾಣ್ಯಾ ನೋಡ್ರಿ! ಆಕ್ಸಲ್ ತಲಿಕೆಳಗ ಮಾಡಿ ಕೂಡ್ರಿಸಿದೆ. ಚಂದ ಕೂತತು. ಲಿವರ್ ಎಳದೆ, ಮುಂದಿನ ಗಾಲಿ ಹಿಂದಕ, ಹಿಂದಿನ ಗಾಲಿ ಮುಂದಕ! ಗಾಡಿ ನಿಂತಲ್ಲೇ ಕುಣ್ಯಾಕ ಹತ್ತಿತು."

ಊರಿನವರು ಸುಮ್ಮನೆ ಬಿಡುತ್ತಾರೆಯೇ? 'ಹಿಂದಮುಂದ ತುಕಾರಾಮ' ಎಂದು ಹೆಸರಿಟ್ಟರು. ಸುದ್ದಿ ಕೇಳಿ ಆರಿಫ ಉಸ್ತಾದರೂ ಬಂದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಆಮೇಲೆ ಅಂಗಿಯ ತೋಳು ಮಡಚಿ ಗಾಡಿಯ ಅಡಿಗೆ ಹೋದರು. "ನಕ್ಕಿದ್ದಕ್ಕ ಸಿಟ್ಟ ಬಂದಿತ್ರಿ. ಆದ್ರ ನಕ್ಕಾವರೊಳಗ ಪಾನಾ ಹಿಡದ ಕೂತಾವ್ರು ಅವರೊಬ್ರ," ಎನ್ನುತ್ತಾರೆ ತುಕಾರಾಮ.

ಇವತ್ತಿನ ಗಾಡಿ ಸಕ್ರವ್ವನವರದು. ಅರವತ್ತು ದಾಟಿದ ಸಕ್ರವ್ವ ಕುರಿ ಸಾಕುವ ಮನೆತನದವರು. ಸದ್ಯ ಹಿಂಡು ನಿಡೋಣಿಯ ಹೊಲವೊಂದರಲ್ಲಿದೆ. ಬಿತ್ತನೆಗೆ ಮುಂಚೆ ರೈತರು ತಮ್ಮ ಹೊಲದಲ್ಲಿ ಕುರಿ ತರುಬಿಸುತ್ತಾರೆ. ಹಿಂಡು ಕೆಲವು ರಾತ್ರಿ ಮಲಗಿದ ನೆಲಕ್ಕೆ ಬೇರೆ ಗೊಬ್ಬರ ಬೇಡ, ಹಿಂಡಿನವರಿಗೆ ಪ್ರತಿಯಾಗಿ ಜೋಳ ಸಿಗುತ್ತದೆ. ತೊಡಕೆಂದರೆ, ಮೃಗಶಿರಾ ಮಳೆ ಸುರಿಯುವ ಹೊತ್ತಿಗೆ ಹಿಂಡು ಎರೆ ಹೊಲದ ನಟ್ಟನಡುವೆ ಇರುತ್ತದೆ. ದೊಡ್ಡ ಕುರಿಗಳು ಹೇಗೋ ನಡೆದು ಕಲ್ಲುನೆಲದ ಮಡ್ಡಿ ಸೇರಿಕೊಳ್ಳುತ್ತವೆ. ಈಗಷ್ಟೇ ಹುಟ್ಟಿದ ಮರಿಗಳು ಆ ಕೆಸರಲ್ಲಿ ನಡೆಯಲಾರವು.

"ಹೋದ ವರ್ಷ ಗಾಡಿ ಹೊಲದಾಗ ಹೂತ ಹೋತ್ರಿ. ಬಗಲಾಗ ಹೊತ್ಕೊಂಡ ತಂದ್ವಿ, ಎಷ್ಟಂತ ಹೊರೂದು? ಉಳದ ಮರಿ ಥಂಡಿಗಿ ಸೆಟದ ಸತ್ತು. ತಾಯಿ ಕುರಿ ಹೊಲದ ಕಡೆ ಮಾರಿ ಮಾಡಿ ಒದರೂದು ಇನ್ನಾ ಕಿವ್ಯಾಗ ಐತಿ," ಎಂದು ಸಕ್ರವ್ವ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾರೆ. ಈ ಸಲ ಹಾಗಾಗಬಾರದೆಂದೇ ಗಾಡಿ ಇಲ್ಲಿಗೆ ಬಂದಿರುವುದು. ಪಡುವಣದಲ್ಲಿ ಆಗಲೇ ಮೋಡ ಕಟ್ಟಿದೆ. ಮರಿಗಳೆಲ್ಲ ಹೊಲದಲ್ಲೇ ಇವೆ.

ತುಕಾರಾಮರದು ಒಂದು ಪದ್ಧತಿ. ಶೆಡ್ಡಿನ ಹಿಂದೆ ಎರೆಮಣ್ಣಿನ ಪಟ್ಟಿಯೊಂದಕ್ಕೆ ಹಿಂದಿನ ದಿನವೇ ನೀರು ಬಿಟ್ಟು ಕೆಸರು ಮಾಡಿರುತ್ತಾರೆ. ಗಾಡಿ ಅದರಲ್ಲಿ ಹಾಯ್ದು ಬರಬೇಕು, ಅದೂ ಮಾಲೀಕರ ಸ್ವಂತ ಹೇರು ಹೊತ್ತುಕೊಂಡು. ದ್ರಾಕ್ಷಿ ಬೆಳೆಗಾರರು ತುಂಬಿದ ಕ್ರೇಟು ತರುತ್ತಾರೆ. ಸಕ್ರವ್ವ ಟಂಟಂ ಆಟೊ ಬಾಡಿಗೆ ಹಿಡಿದು ಕುರಿಗಳನ್ನೇ ತಂದಿದ್ದಾರೆ; ಅವನ್ನು ಇಳಿಸಿದ್ದೇ ಅದು ಬೇರೆ ಬಾಡಿಗೆಗೆ ಹೋಗಿಬಿಟ್ಟಿದೆ. ಉಸುಕಿನ ಚೀಲ ಹೇರಿದರೆ ಆಗದೇ ಎಂದು ನಾನು ಕೇಳಿದ್ದಕ್ಕೆ ತುಕಾರಾಮ ತಲೆಯಾಡಿಸುತ್ತಾರೆ. "ಚೀಲ ಸುಮ್ಮ ಕುಂಡರತಾವ್ರಿ. ಕುರಿ ಹಂಗಲ್ಲ. ಒಂದ ಅಂಜಿ ಸರೀತಂದ್ರ ಎಲ್ಲಾವೂ ಅದರ ಹಿಂದ. ಹೇರೆಲ್ಲಾ ಒಂದ ಗಾಲಿ ಮ್ಯಾಲ ಬಂದ ಬೀಳ್ತೈತಿ."

ಸಕ್ರವ್ವನ ಮಗ ಅಮೋಘಸಿದ್ದ ಸ್ಟೀರಿಂಗ್ ಹಿಡಿಯುತ್ತಾನೆ. ಗಾಡಿ ಕೆಸರಿಗೆ ಇಳಿಯುತ್ತದೆ, ಕುಸಿಯುತ್ತದೆ, ಹಿಂದಿನ ಗಾಲಿ ಜಾರುತ್ತದೆ. ಲಿವರ್ ಎಳೆದದ್ದೇ ತಡ, ಮುಂದಿನ ಗಾಲಿಗಳು ಮಣ್ಣು ಕಚ್ಚಿ ಇಡೀ ಗಾಡಿಯನ್ನು ಎಳೆದುಕೊಂಡು ಹೊರಡುತ್ತವೆ. "ಹೊಂಟತ್ರೋ ಯಪ್ಪಾ!" ಎಂದು ಸಕ್ರವ್ವ ಚಪ್ಪಾಳೆ ಹೊಡೆಯುತ್ತಾರೆ. ನಾನೂ ಹೊಡೆಯುತ್ತೇನೆ.

ಅಷ್ಟರಲ್ಲಿ ತುಕಾರಾಮ ಕೈ ಎತ್ತುತ್ತಾರೆ. ಕುರಿಗಳೆಲ್ಲ ಎಡಕ್ಕೆ ಸರಿದಿವೆ, ಬಲಗಡೆಯ ಮುಂದಿನ ಗಾಲಿ ತಗ್ಗಿನಲ್ಲಿ ಜೋತುಬಿದ್ದಿದೆ. ಅವರು ಕೆಸರಲ್ಲೇ ಅಂಗಾತ ಮಲಗಿ ಅಡಿಗೆ ಇಣುಕುತ್ತಾರೆ. ಎದ್ದಾಗ ಮುಖ ಬಾಡಿದೆ.

"ಗಾಡಿ ಈಗ ಕೊಡಾಕ ಬರೂದಿಲ್ಲ ಬೇ. ಬ್ರೇಕಿನ ಪೈಪ್ ಗಿಡ್ಡ ಆಗೈತಿ. ಗಾಲಿ ಜೋತ ಬಿದ್ರ ಹಗ್ಗದಂಗ ಬಿಗೀತೈತಿ. ಇವತ್ತಲ್ಲ ನಾಳಿ ಹರೀತೈತಿ," ಎಂದವರೇ ಹಣೆ ಬಡಿದುಕೊಳ್ಳುತ್ತಾರೆ. "ತಪ್ಪ ನಂದ. ಗಾಡಿಗಿ ಹೋಗೂದ ಕಲಿಸೀನಿ, ನಿಲ್ಲೂದ ಮರ್ತೀನಿ."

ಆಮೇಲೆ ಸಕ್ರವ್ವನ ಬಾಯಿಂದ ಬಂದದ್ದರಲ್ಲಿ ಅಚ್ಚು ಹಾಕಬಹುದಾದಷ್ಟನ್ನು ಮಾತ್ರ ಬರೆಯುತ್ತೇನೆ. "ಮಳಿ ನೆತ್ತಿ ಮ್ಯಾಲ ಬಂದೈತಿ, ಈಗ ಪೈಪಿನ ಕತಿ ಹೇಳ್ತಿಯೇನೋ! ನಿನ್ನ ಪಾನಾ ಹಾಳ ಬಾವ್ಯಾಗ ಬೀಳ್ಲಿ! ನನ್ನ ಮರಿ ಸತ್ರ ನೀ ಹಡದ ಕೊಡ್ತಿಯೇನು?" ತುಕಾರಾಮ ಬೈಕು ಹತ್ತಿ, ಉದ್ದನೆಯ ಪೈಪು ತರಲು ವಿಜಯಪುರದ ಕಡೆ ಹೊರಡುತ್ತಾರೆ. ಗಾಡಿಯ ಕೀಲಿ ಅವರ ಕಿಸೆಯಲ್ಲಿದೆ. "ಕೀಲಿನೂ ಒಯ್ದಾನ ನೋಡ, ಕಳ್ಳ!" ಎಂದು ಸಕ್ರವ್ವ ಇನ್ನಷ್ಟು ಕಿಡಿಕಿಡಿಯಾಗುತ್ತಾರೆ.

ಹೊಲದಿಂದ ಅಮೋಘಸಿದ್ದನಿಗೆ ಫೋನು ಬರುತ್ತದೆ: ಹನಿ ಶುರುವಾಗಿದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ತುಕಾರಾಮರ ಮೇಲೆ ನನಗೂ ಸಿಟ್ಟು ಬರುತ್ತದೆ. ಕೆಸರಿನಲ್ಲಿ ಹರಿಯದೆ ಉಳಿದ ಪೈಪು ಇನ್ನೊಂದು ದಿನ ತಾಳುತ್ತಿರಲಿಲ್ಲವೇ? ಸಕ್ರವ್ವ ಈಗ ಬೈಯುವುದನ್ನೂ ನಿಲ್ಲಿಸಿ ಸುಮ್ಮನೆ ಮುಗಿಲು ನೋಡುತ್ತಿದ್ದಾರೆ. ಬೈಗುಳಕ್ಕಿಂತ ಅದನ್ನು ನೋಡುವುದೇ ಕಷ್ಟವಾಗುತ್ತದೆ.

ತುಕಾರಾಮ ತೊಯ್ದು ತೊಪ್ಪೆಯಾಗಿ ಮರಳುತ್ತಾರೆ. ತಲೆ ಕೂಡ ಒರೆಸಿಕೊಳ್ಳದೆ ಅಡಿಗೆ ಹೋಗಿ ಎರಡೂ ಕಡೆಯ ಪೈಪು ಬದಲಿಸುತ್ತಾರೆ. ಬ್ರೇಕಿನೊಳಗಿನ ಗಾಳಿ ತೆಗೆಯಲು ಅಮೋಘಸಿದ್ದನಿಂದ ಪೆಡಲ್ ತುಳಿಸುತ್ತಾರೆ, ಮತ್ತೆ ತುಳಿಸುತ್ತಾರೆ. ಕೆಸರಿನ ಪಟ್ಟಿಯಲ್ಲಿ ಮತ್ತೊಮ್ಮೆ ಹಾಯಿಸಿ ನೋಡಿದ ಮೇಲೇ ಕೀಲಿ ಬಿಡುವುದು. ಕುರಿಗಳ ಜೊತೆ ನಾವೆಲ್ಲ ಅದೇ ಗಾಡಿಯಲ್ಲಿ ನಿಡೋಣಿಗೆ ಹೊರಡುತ್ತೇವೆ.

ನಾವು ಮುಟ್ಟುವಷ್ಟರಲ್ಲಿ ಹೊಲ ಕರಿ ಅಂಬಲಿಯಾಗಿದೆ. ದೊಡ್ಡ ಹಿಂಡು ಮಡ್ಡಿಯ ಕಡೆ ಹೊರಟುಹೋಗಿದೆ. ಬಲೆಯ ದೊಡ್ಡಿಯಲ್ಲಿ, ತಾಡಪತ್ರಿಯ ಕೆಳಗೆ ಮರಿಗಳು ಒಂದಕ್ಕೊಂದು ಒತ್ತಿಕೊಂಡು ನಡುಗುತ್ತಿವೆ. ಗಾಡಿ ದೊಡ್ಡಿಯವರೆಗೂ ಹೋಗಿ ನಿಲ್ಲುತ್ತದೆ. ತಂದ ಕುರಿಗಳನ್ನು ಇಳಿಸಿ, ಮರಿಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತೇವೆ. ಲಿವರ್ ಎಳೆದಾಗ ಗಾಡಿ ಗುಡುಗುತ್ತ, ಮಣ್ಣು ಚಿಮ್ಮಿಸುತ್ತ ಹೊಲ ದಾಟುತ್ತದೆ. ತುಕಾರಾಮ ಹತ್ತುವುದಿಲ್ಲ. ಬಗ್ಗಿ ಮುಂದಿನ ಗಾಲಿಯನ್ನೇ ನೋಡುತ್ತ ಪಕ್ಕದಲ್ಲಿ ಕೆಸರು ತುಳಿಯುತ್ತ ನಡೆಯುತ್ತಾರೆ.

ಹೊಲ ಮುಗಿದ ಮೇಲೆ ಹಳ್ಳಕ್ಕೆ ಇಳಿಯುವ ಸಣ್ಣಕಲ್ಲಿನ ಗರಸಿನ ಇಳಿಜಾರು. ಬಲಗಡೆಯ ಗಾಲಿ ಧಡ್ಡನೆ ಕೊರಕಲಿಗೆ ಜೋತುಬೀಳುತ್ತದೆ. ಅದೇ ಗಳಿಗೆಗೆ ತಿರುವಿನಾಚೆ ಕಾಣುತ್ತದೆ, ನಮ್ಮ ಹಿಂಡು ಇನ್ನೂ ಹಳ್ಳ ದಾಟಿಲ್ಲ! ಹರಿವ ನೀರಿಗೆ ಅಂಜಿ ಕುರಿಗಳೆಲ್ಲ ದಾರಿಯ ತುಂಬ ಗುಂಪುಗಟ್ಟಿವೆ. "ಲೇ, ತುಳೀ!" ಎಂದು ತುಕಾರಾಮ ಚೀರುತ್ತಾರೆ. ಅಮೋಘಸಿದ್ದ ಬ್ರೇಕ್ ತುಳಿಯುತ್ತಾನೆ. ಗಾಡಿ ಗರಸು ಕೆರೆಯುತ್ತ ಜಾರಿ, ಕೊನೆಯ ಕುರಿಯ ಬಾಲಕ್ಕೆ ಬಂಪರ್ ತಾಗುವಷ್ಟು ಹತ್ತಿರ ಹೋಗಿ ನಿಲ್ಲುತ್ತದೆ. ಗಾಡಿಯಲ್ಲಿ ಮರಿಗಳು ಒದರುತ್ತಿವೆ, ಕೆಳಗಿಂದ ತಾಯಂದಿರು ಓಗೊಡುತ್ತಿದ್ದಾರೆ.

ಹಿಂಡನ್ನು ಮುಂದೆ ಹೊಡೆದುಕೊಂಡು ಹಳ್ಳ ದಾಟಿ ಮಡ್ಡಿ ಮುಟ್ಟಿದಾಗ ಮಳೆ ನಿಂತು ಸಂಜೆ ಬಿಸಿಲು ಬಿದ್ದಿದೆ. ಇಳಿಸಿದ ಮರಿಗಳನ್ನು ತಾಯಿ ಕುರಿಗಳು ಮೂಸಿ ಮೂಸಿ ತಮ್ಮದನ್ನು ಹುಡುಕಿಕೊಳ್ಳುತ್ತವೆ. ಮರಿ ಕಾಣದೆ ಅಲೆಯುವ ತಾಯಿ ಒಂದೂ ಇಲ್ಲ. ಸಕ್ರವ್ವ ತಮ್ಮ ಹೆಗಲ ಕಂಬಳಿ ತೆಗೆದು, ಇನ್ನೂ ಒದ್ದೆ ಅಂಗಿಯಲ್ಲೇ ನಿಂತ ತುಕಾರಾಮರಿಗೆ ಹೊದಿಸುತ್ತಾರೆ.

"ಬಾಯಿಗಿ ಬಂದಂಗ ಬೈದ್ನೋ ಯಪ್ಪಾ. ಮನಸಿನ್ಯಾಗ ಇಟ್ಕೋಬ್ಯಾಡ."

ತುಕಾರಾಮ ಕಂಬಳಿಯ ಅಂಚಿನಿಂದ ಮುಖದ ಕೆಸರು ಒರೆಸಿಕೊಂಡು ನಗುತ್ತಾರೆ.

"ನೀ ಬೈದಿದ್ದ ಚಲೋ ಆತ ಬೇ. ಬೈಸ್ಕೊಳ್ಳಾಕ ಅಂಜಿ ಗಾಡಿ ಕೊಟ್ಟಿದ್ನೆಂದ್ರ, ಇನ್ನ ಮುಂದ ನನಗ ನಿದ್ದಿ ಹತ್ತತಿದ್ದಿಲ್ಲ."